ಮನೆಯಲ್ಲೊಂದು ಡಾರ್ಕ್‌ರೂಮ್: ಯಾವ ಸಾಮಾನು, ಯಾವ ರಾಸಾಯನಿಕ, ಕೊಳ್ಳುವಾಗ ಏನು ನೋಡಬೇಕು

ಫಿಲ್ಮ್ ತೊಳೆಯುವುದು (ಡೆವಲಪ್ ಮಾಡುವುದು) ಬೇರೆ, ಪ್ರಿಂಟ್ ಹಾಕುವುದು ಬೇರೆ. ಫಿಲ್ಮ್ ತೊಳೆಯಲು ಕತ್ತಲು ಬೇಕಾಗುವುದು ಅದನ್ನು ರೀಲಿಗೆ ಏರಿಸಿ ಟ್ಯಾಂಕಿನ ಮುಚ್ಚಳ ಹಾಕುವ ಐದ್ಹತ್ತು ನಿಮಿಷ ಮಾತ್ರ. ಆಮೇಲಿನದೆಲ್ಲ ಸಿಂಕಿನ ಪಕ್ಕ, ಹಗಲು ಬೆಳಕಿನಲ್ಲೇ ನಡೆಯುತ್ತದೆ. ಪ್ರಿಂಟ್ ಹಾಕಲು ಮಾತ್ರ ಗಂಟೆಗಟ್ಟಲೆ ಕತ್ತಲಾಗಿ ಉಳಿಯುವ ಕೋಣೆ, ನೆಗೆಟಿವ್‌ನ ಬಿಂಬವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಎನ್‌ಲಾರ್ಜರ್, ಟ್ರೇಗಳು ಬೇಕು. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲು ಫಿಲ್ಮ್ ತೊಳೆಯುವ ಸಾಮಾನು ತಂದು ಕೆಲವು ರೋಲು ತೊಳೆಯಿರಿ. ನೆಗೆಟಿವ್‌ಗಳು ಒಂದೇ ಹದದಲ್ಲಿ ಬರತೊಡಗಿದ ಮೇಲೆ ಎನ್‌ಲಾರ್ಜರ್ ಹುಡುಕಿದರೆ ಸಾಕು. ಹದ ತಪ್ಪಿದ ನೆಗೆಟಿವ್ ಇಟ್ಟುಕೊಂಡು ಎಂಥ ಎನ್‌ಲಾರ್ಜರ್ ಮುಂದೆ ನಿಂತರೂ ಪೇಪರ್ ದಂಡವಾಗುತ್ತದೆ, ಅಷ್ಟೇ.

ಈ ಕೆಲಸದಲ್ಲಿ ಜುಗ್ಗತನ ಮಾಡಬಾರದ ವಸ್ತುಗಳು ನಾಲ್ಕು: ಥರ್ಮಾಮೀಟರ್, ಎನ್‌ಲಾರ್ಜರ್ ಲೆನ್ಸ್, ಸೇಫ್‌ಲೈಟ್ (ಪೇಪರನ್ನು ಕೆಡಿಸದ ಮಂದ ದೀಪ), ತಾಜಾ ಫಿಕ್ಸರ್ (ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಮಾಡುವ ದ್ರಾವಣ). ಟ್ರೇ, ಬಾಟಲಿ, ಜಗ್ಗು, ಕ್ಲಿಪ್ಪು ಯಾವುದಿದ್ದರೂ ನಡೆಯುತ್ತದೆ. ಇಲ್ಲಿ ಹೇಳುವುದೆಲ್ಲ ಕಪ್ಪು-ಬಿಳುಪಿಗೆ ಮಾತ್ರ.

ಹಂತ 1: ಟ್ಯಾಂಕು ಮತ್ತು ರೀಲು

ಟ್ಯಾಂಕಿನಲ್ಲಿ ಎರಡು ಜಾತಿ: ಪ್ಯಾಟರ್ಸನ್ ಮಾದರಿಯ ಪ್ಲಾಸ್ಟಿಕ್ ಟ್ಯಾಂಕು, ಮತ್ತು ಸ್ಟೀಲ್ ಟ್ಯಾಂಕು. ಹೊಸಬರಿಗೆ ಪ್ಲಾಸ್ಟಿಕ್ ಸುಲಭ. ಅದರ ರೀಲಿಗೆ ಫಿಲ್ಮಿನ ತುದಿ ಕೊಟ್ಟು ಎರಡು ಪಕ್ಕಗಳನ್ನು ಹಿಂದೆ ಮುಂದೆ ತಿರುಗಿಸುತ್ತ ಹೋದರೆ ಫಿಲ್ಮ್ ತಾನೇ ಒಳಗೆ ಸರಿಯುತ್ತದೆ. 35 ಎಂಎಂ ಮತ್ತು 120 (ಅದಕ್ಕಿಂತ ಅಗಲದ ರೋಲ್ ಫಿಲ್ಮ್) ಎರಡಕ್ಕೂ ಅದೇ ರೀಲನ್ನು ಅಗಲಿಸಿ ಬಳಸಬಹುದು. ಒಂದು 35 ಎಂಎಂ ರೋಲಿಗೆ ಸುಮಾರು 300 ಮಿ.ಲೀ., ಒಂದು 120 ರೋಲಿಗೆ 500 ಮಿ.ಲೀ. ದ್ರಾವಣ ಬೇಕು. ಸ್ಟೀಲ್ ಟ್ಯಾಂಕಿಗೆ 35 ಎಂಎಂ ರೋಲೊಂದಕ್ಕೆ 250 ಮಿ.ಲೀ. ಸಾಕು, ರೀಲು ಬೇಗ ಒಣಗುತ್ತದೆ, ಉಷ್ಣಾಂಶವೂ ಬೇಗ ಹದಕ್ಕೆ ಬರುತ್ತದೆ. ಆದರೆ ಫಿಲ್ಮನ್ನು ನಡುವಿನಿಂದ ಹೊರಕ್ಕೆ ಬೆರಳಲ್ಲೇ ಬಾಗಿಸುತ್ತ ಸುತ್ತಬೇಕು, ಅದಕ್ಕೆ ಕೈ ಪಳಗಬೇಕು. ಕೆಳಗೆ ಬಿದ್ದು ಕೊಂಚ ಸೊಟ್ಟಗಾದ ಸ್ಟೀಲ್ ರೀಲನ್ನು ಬಿಟ್ಟಿ ಕೊಟ್ಟರೂ ಮುಟ್ಟಬೇಡಿ.

ಹಳೆಯ ಪ್ಲಾಸ್ಟಿಕ್ ಟ್ಯಾಂಕು ಕೊಳ್ಳುವಾಗ ನಡುವಿನ ಕೊಳವೆ ಇದೆಯೇ ನೋಡಿ. ರೀಲು ಕೂರಿಸಲು ಮಾತ್ರ ಅದು ಇರುವುದಲ್ಲ. ಮುಚ್ಚಳದ ಆಲಿಕೆಯ ಜೊತೆ ಸೇರಿ ಬೆಳಕನ್ನು ತಡೆಯುವುದೇ ಅದರ ಮುಖ್ಯ ಕೆಲಸ. ಅದಿಲ್ಲದ ಟ್ಯಾಂಕಿನಲ್ಲಿ ಇಡೀ ರೋಲು ಕಪ್ಪಾಗುತ್ತದೆ.

ರೀಲು ಪೂರ್ತಿ ಒಣಗಿರಬೇಕು. ಒಂದೇ ಹನಿ ತೇವ ಉಳಿದಿದ್ದರೂ ಜೆಲಟಿನ್ ಅಂಟಿಕೊಂಡು ಫಿಲ್ಮ್ ಅರ್ಧದಲ್ಲೇ ನಿಲ್ಲುತ್ತದೆ. ಬಲವಂತ ಮಾಡಿ ನೂಕಿದರೆ ಫಿಲ್ಮ್ ಮಡಿಕೆ ಬಿದ್ದು, ತೊಳೆದ ಮೇಲೆ ಅಲ್ಲಿ ಅರ್ಧಚಂದ್ರಾಕಾರದ ಗುರುತು ಕಾಣುತ್ತದೆ. ಫಿಲ್ಮಿನ ನಾಲಿಗೆಯನ್ನು (ಡಬ್ಬಿಯಿಂದ ಹೊರಗೆ ಚಾಚಿದ ತುದಿ) ನೇರವಾಗಿ ಕತ್ತರಿಸಿ. ಕತ್ತರಿ ರಂಧ್ರಗಳ ನಡುವೆ ಹೋಗಬೇಕೇ ಹೊರತು ರಂಧ್ರದ ಮೇಲಲ್ಲ. ಎರಡೂ ಮೂಲೆಗಳನ್ನು ಚೂರು ದುಂಡಗೆ ಮಾಡಿ. ರೀಲು ಸಿಕ್ಕಿಹಾಕಿಕೊಳ್ಳುವ ತಾಪತ್ರಯ ಮುಕ್ಕಾಲು ಪಾಲು ಇಷ್ಟರಿಂದಲೇ ತಪ್ಪುತ್ತದೆ. ಹಾಳಾದ ಫಿಲ್ಮೊಂದನ್ನು ಇಟ್ಟುಕೊಂಡು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ, ಕೈಗೆ ದಾರಿ ಗೊತ್ತಾಗುವವರೆಗೂ ಸುತ್ತಿ ಬಿಚ್ಚಿ ಮಾಡಿ.

ಕತ್ತಲ ಕೋಣೆ ಇಲ್ಲದವರಿಗೆ ಚೇಂಜಿಂಗ್ ಬ್ಯಾಗ್ ಇದೆ. ಒಳಗೆ ಕಮಾನು ಕಡ್ಡಿ ಇದ್ದು ಗುಡಾರದಂತೆ ನಿಲ್ಲುವುದನ್ನೇ ಆರಿಸಿ. ಬಟ್ಟೆ ಕೈಮೇಲೆ ಬಿದ್ದರೆ ಬೇಗ ಬೆವರುತ್ತದೆ, ಬೆವರಿದರೆ ಫಿಲ್ಮ್ ಅಂಟುತ್ತದೆ. ಬೆವರು ಶುರುವಾದರೆ ರೀಲು, ಫಿಲ್ಮ್ ಎರಡನ್ನೂ ಟ್ಯಾಂಕಿನೊಳಗಿಟ್ಟು ಮುಚ್ಚಿ, ಕೈ ಹೊರಗೆ ತೆಗೆದು ಒರೆಸಿಕೊಂಡು, ಹತ್ತು ನಿಮಿಷ ಬಿಟ್ಟು ಮುಂದುವರಿಸಿ.

ಹಂತ 2: ಅಳತೆಯ ಸಾಮಾನು

ಅರ್ಧ ಡಿಗ್ರಿಯನ್ನು ಸ್ಪಷ್ಟವಾಗಿ ತೋರಿಸುವ ಥರ್ಮಾಮೀಟರ್ ಬೇಕು. ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಒಂದು ಡಿಗ್ರಿ ಬಿಸಿಯಾದರೆ ಸಮಯ ಸುಮಾರು ಶೇಕಡಾ ಎಂಟರಿಂದ ಹತ್ತು ಕಡಿಮೆಯಾಗಬೇಕು, ಅಷ್ಟು ವ್ಯತ್ಯಾಸ ನೆಗೆಟಿವ್‌ನಲ್ಲಿ ಕಾಣುತ್ತದೆ. ಎರಡು ಥರ್ಮಾಮೀಟರ್ ಎರಡು ಮಾತು ಹೇಳಿದರೆ ಒಂದನ್ನೇ ನಂಬಿ, ಯಾವಾಗಲೂ ಅದನ್ನೇ ಬಳಸಿ. ಇಲ್ಲಿ ಬೇಕಾದದ್ದು ಪ್ರತಿಸಲವೂ ಅದೇ ಫಲ.

ಜೊತೆಗೆ ಒಂದು ಲೀಟರಿನ ಅಳತೆ ಜಗ್ಗು, 300 ಅಥವಾ 600 ಮಿ.ಲೀ.ನದು ಎರಡು, ಗಟ್ಟಿ ಡೆವಲಪರ್ ಅಳೆಯಲು 10 ಮಿ.ಲೀ. ಸಿರಿಂಜು. ರೋಡಿನಾಲ್‌ನಂಥದ್ದನ್ನು 6 ಮಿ.ಲೀ. ಅಳೆಯುವಾಗ ದೊಡ್ಡ ಜಗ್ಗಿನಲ್ಲಿ ಕಣ್ಣಂದಾಜು ನಡೆಯದು.

ತಯಾರಕರ ಪಟ್ಟಿಗಳಲ್ಲಿ ಡೆವಲಪರಿನ ಸಮಯ ಕೊಟ್ಟಿರುವುದು 20 ಡಿಗ್ರಿ ಸೆಲ್ಸಿಯಸ್‌ಗೆ. ನಲ್ಲಿ ನೀರು 27-28 ಡಿಗ್ರಿ ಇದ್ದರೆ ಎಲ್ಲವನ್ನೂ 20ಕ್ಕೆ ಇಳಿಸಲು ಒದ್ದಾಡುವ ಬದಲು 24ರಲ್ಲಿ ತೊಳೆಯಿರಿ. 20ರಲ್ಲಿ 10 ನಿಮಿಷ ಹಿಡಿಯುವುದು 24ರಲ್ಲಿ ಸುಮಾರು 7 ನಿಮಿಷ. ಬೇಸಿನ್ನಿನ ನೀರಿಗೆ ಮಂಜುಗಡ್ಡೆ ತುಂಬಿದ ಬಾಟಲಿ ಹಾಕಿ, ಡೆವಲಪರ್, ಸ್ಟಾಪ್ (ಡೆವಲಪರಿನ ಕೆಲಸ ನಿಲ್ಲಿಸುವ ದ್ರಾವಣ), ಫಿಕ್ಸರ್ ಎಲ್ಲ ಜಗ್ಗುಗಳನ್ನೂ ಅದರಲ್ಲಿ ನಿಲ್ಲಿಸಿ. ಲೆಕ್ಕ 5 ನಿಮಿಷಕ್ಕಿಂತ ಕಡಿಮೆ ಬಂದರೆ ಡೆವಲಪರನ್ನು ಇನ್ನಷ್ಟು ತೆಳು ಮಾಡಿ. ಅಷ್ಟು ಕಡಿಮೆ ಸಮಯದಲ್ಲಿ ಫಿಲ್ಮ್ ಉದ್ದಕ್ಕೂ ಒಂದೇ ಸಮ ಬೆಳೆಯುವುದಿಲ್ಲ.

ಹಂತ 3: ಫಿಲ್ಮಿನ ರಾಸಾಯನಿಕಗಳು

ಒಂದು ಫಿಲ್ಮ್, ಒಂದು ಡೆವಲಪರ್ ಆರಿಸಿ, ಕೆಲಕಾಲ ಅದನ್ನೇ ಹಿಡಿದಿರಿ. ವಾರಕ್ಕೊಂದು ಡೆವಲಪರ್ ಬದಲಿಸುವವರಿಗೆ ತಪ್ಪು ಎಲ್ಲಿಂದ ಬಂತೆಂಬುದು ಎಂದೂ ತಿಳಿಯುವುದಿಲ್ಲ.

ತಿಂಗಳಿಗೆ ಹಲವು ರೋಲು ತೊಳೆಯುವವರಿಗೆ ಕೊಡಕ್ ಡಿ-76 ಅಥವಾ ಇಲ್ಫೋರ್ಡ್ ಐಡಿ-11 ಸರಿ. ಎರಡೂ ಹೆಚ್ಚುಕಡಿಮೆ ಒಂದೇ. ಪುಡಿಯನ್ನು ನೀರಿಗೆ ಹಾಕಿ ಮೂಲ ದ್ರಾವಣ ಮಾಡಿಟ್ಟು, ಬಳಸುವಾಗ 1+1, ಅಂದರೆ 150 ಮಿ.ಲೀ.ಗೆ 150 ಮಿ.ಲೀ. ನೀರು ಬೆರೆಸಿ, ಒಮ್ಮೆ ಬಳಸಿ ಚೆಲ್ಲಿಬಿಡಬೇಕು. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು ಐಎಸ್‌ಒ (ಫಿಲ್ಮಿನ ವೇಗ) 400ಕ್ಕೆ ತೆಗೆದಿದ್ದರೆ ಐಡಿ-11 1+1ರಲ್ಲಿ 20 ಡಿಗ್ರಿಗೆ 13 ನಿಮಿಷ. ಮೂಲ ದ್ರಾವಣ ಬಾಯಿತನಕ ತುಂಬಿದ ಬಾಟಲಿಯಲ್ಲಿ ಆರು ತಿಂಗಳು ಉಳಿಯುತ್ತದೆ, ಅರ್ಧ ಖಾಲಿಯಾದ ಬಾಟಲಿಯಲ್ಲಿ ಒಂದೆರಡು ತಿಂಗಳಷ್ಟೇ. ಡೆವಲಪರನ್ನು ಕೆಡಿಸುವುದು ಗಾಳಿ. ಅದಕ್ಕೇ ಒಂದು ಲೀಟರಿನ ಬಾಟಲಿಗಿಂತ 250 ಮಿ.ಲೀ.ನ ನಾಲ್ಕು ಬಾಟಲಿಗಳಲ್ಲಿ ತುಂಬಿಡುವುದು ಮೇಲು.

ಅಪರೂಪಕ್ಕೊಮ್ಮೆ ತೊಳೆಯುವವರಿಗೆ ಗಟ್ಟಿ ದ್ರವ ಲೇಸು. 1891ರಷ್ಟು ಹಳೆಯದಾದ ರೋಡಿನಾಲ್ ಅರ್ಧ ಖಾಲಿಯಾದ ಬಾಟಲಿಯಲ್ಲೂ ವರ್ಷಗಟ್ಟಲೆ ಕೆಡದು. 1+50ರಲ್ಲಿ ಬಳಸಿ. ಆದರೆ 400ರ ಫಿಲ್ಮಿನಲ್ಲಿ ಗ್ರೇನು (ಚಿತ್ರದ ಕಾಳುಕಾಳು ಕಣ) ಎದ್ದು ಕಾಣುತ್ತದೆ, 100ರ ಫಿಲ್ಮಿಗೆ ಅದು ಚೆಂದ.

ಸ್ವಂತ ಕೈಯಲ್ಲಿ ಬೆರೆಸುವ ಆಸೆ ಇದ್ದರೆ ಡಿ-76 ಕಷ್ಟವೇನಲ್ಲ. 50 ಡಿಗ್ರಿಯ 750 ಮಿ.ಲೀ. ನೀರಿಗೆ ಮೆಟೋಲ್ 2 ಗ್ರಾಂ, ಅನಾರ್ದ್ರ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ ಇದೇ ಕ್ರಮದಲ್ಲಿ ಕರಗಿಸಿ, ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ. ಒಂದು ಪೂರ್ತಿ ಕರಗಿದ ಮೇಲೆಯೇ ಮುಂದಿನದು. ಮೆಟೋಲ್‌ಗಿಂತ ಮುಂಚೆ ಒಂದು ಚಿಟಿಕೆ ಸಲ್ಫೈಟ್ ಹಾಕಿದರೆ ಮೆಟೋಲ್ ಗಾಳಿಗೆ ಕಂದುವುದಿಲ್ಲ, ಆದರೆ ಸಲ್ಫೈಟ್ ಎಲ್ಲವನ್ನೂ ಮೊದಲೇ ಸುರಿದರೆ ಮೆಟೋಲ್ ಕರಗುವುದೇ ಇಲ್ಲ. 0.1 ಗ್ರಾಂ ತೋರಿಸುವ ತಕ್ಕಡಿ, ನೈಟ್ರೈಲ್ ಕೈಗವಸು, ಮಾಸ್ಕ್ ಇಲ್ಲದೆ ಇದಕ್ಕೆ ಇಳಿಯಬೇಡಿ. ಮೆಟೋಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಒಮ್ಮೆ ಅಲರ್ಜಿ ಶುರುವಾದರೆ ಬಿಡುವುದೂ ಇಲ್ಲ.

ಸ್ಟಾಪ್ ಬಾತ್‌ಗೆ ಒಂದು ಲೀಟರ್ ನೀರಿಗೆ 15 ಗ್ರಾಂ ಸಿಟ್ರಿಕ್ ಆಮ್ಲ ಸಾಕು, ವಾಸನೆಯೂ ಇಲ್ಲ. ಫಿಲ್ಮಿಗಾದರೆ ಬರೀ ನೀರಿನಲ್ಲಿ ಜಾಲಾಡಿಸಿದರೂ ನಡೆಯುತ್ತದೆ, ಪೇಪರಿಗೆ ಮಾತ್ರ ಆಮ್ಲವೇ ಬೇಕು.

ಫಿಕ್ಸರ್ ವಿಷಯದಲ್ಲಿ ಉಳಿತಾಯ ಬೇಡ. ಬೆಳಕು ಕಾಣದ ಸಿಲ್ವರ್ ಹ್ಯಾಲೈಡನ್ನು ಕರಗಿಸಿ ಹೊರಹಾಕುವುದು ಅದರ ಕೆಲಸ. ಅದು ಅರೆಬರೆಯಾದರೆ ಇವತ್ತು ಚೆನ್ನಾಗಿ ಕಂಡ ನೆಗೆಟಿವ್ ವರ್ಷಗಳ ನಂತರ ಹಳದಿಯಾಗುತ್ತದೆ. ಹಳೆಯ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ನಿಧಾನ. ಅಮೋನಿಯಂ ಥಯೋಸಲ್ಫೇಟ್ ಇರುವ ರ‍್ಯಾಪಿಡ್ ಫಿಕ್ಸರನ್ನೇ ತನ್ನಿ, 1+4ರಲ್ಲಿ ಬೆರೆಸಿ. ಪ್ರತಿಸಲ ತೊಳೆಯುವ ಮೊದಲು ಕತ್ತರಿಸಿದ ನಾಲಿಗೆಯ ತುಂಡನ್ನು ಬೆಳಕಿನಲ್ಲೇ ಫಿಕ್ಸರಿಗೆ ಅದ್ದಿ, ಹಾಲಿನಂಥ ಬಣ್ಣ ಹೋಗಿ ಪಾರದರ್ಶಕವಾಗಲು ಎಷ್ಟು ಸೆಕೆಂಡ್ ಎಂದು ನೋಡಿ. ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಬೇಕು. ಟಿ-ಮ್ಯಾಕ್ಸ್, ಡೆಲ್ಟಾ ಫಿಲ್ಮುಗಳಾದರೆ ಮೂರರಷ್ಟು. ಹೊಸ ಫಿಕ್ಸರಿನಲ್ಲಿ ಹಿಡಿದ ಸಮಯಕ್ಕಿಂತ ದುಪ್ಪಟ್ಟು ಹಿಡಿಯತೊಡಗಿತೆಂದರೆ ಅದರ ಆಯಸ್ಸು ಮುಗಿಯಿತು. ಬಾಟಲಿಯ ಮೇಲೆ ದಿನಾಂಕವನ್ನೂ ತೊಳೆದ ರೋಲುಗಳ ಸಂಖ್ಯೆಯನ್ನೂ ಬರೆದಿಡಿ.

ಕೊನೆಗೆ ನೀರು. ಟ್ಯಾಂಕಿಗೆ ಅದೇ ಉಷ್ಣಾಂಶದ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಇಲ್ಫೋರ್ಡ್ ಹೇಳಿಕೊಟ್ಟ ಈ ಕ್ರಮ ಗಡಸುಕಾರಕ (ಜೆಲಟಿನ್ ಗಟ್ಟಿ ಮಾಡುವ ರಾಸಾಯನಿಕ) ಇಲ್ಲದ ಫಿಕ್ಸರಿಗೆ ಸಾಕಾಗುತ್ತದೆ. ಆಮೇಲೆ ಡಿಸ್ಟಿಲ್ಡ್ ನೀರಿಗೆ ವೆಟ್ಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರುವಂತೆ ಮಾಡುವ ದ್ರವ) 1+200, ಅಂದರೆ 300 ಮಿ.ಲೀ.ಗೆ ಒಂದೂವರೆ ಮಿ.ಲೀ. ಹೆಚ್ಚು ಹಾಕಿದರೆ ಅದರದೇ ಕಲೆ ಉಳಿಯುತ್ತದೆ. ರೀಲನ್ನು ಅದರಲ್ಲಿ ಅದ್ದಬೇಡಿ, ಜಿಡ್ಡು ಕೂತು ಮುಂದಿನ ಸಲ ಫಿಲ್ಮ್ ಸರಿಯುವುದಿಲ್ಲ. ಫಿಲ್ಮನ್ನು ಬಿಚ್ಚಿ ಬೇರೆ ಬಟ್ಟಲಲ್ಲಿ ಅದ್ದಿ ತೂಗುಹಾಕಿ. ಬೆರಳಲ್ಲಿ ಒರೆಸಬೇಡಿ: ಒಂದು ಮರಳಿನ ಕಣ ಸಿಕ್ಕರೆ ಮೂವತ್ತಾರು ಫ್ರೇಮಿನ ಉದ್ದಕ್ಕೂ ಗೀರು.

ನೆಗೆಟಿವ್ ಒಣಗಿದ ಮೇಲೆ ಅಂಚಿನ ಅಂಕಿ-ಅಕ್ಷರ ನೋಡಿ. ಅವು ಕಾರ್ಖಾನೆಯಲ್ಲೇ ಬೆಳಕು ಕಂಡವು, ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧವಿಲ್ಲ. ಅಂಕಿ ಕಪ್ಪಾಗಿದ್ದು ಚಿತ್ರ ತೆಳುವಾಗಿದ್ದರೆ ಎಕ್ಸ್‌ಪೋಷರ್ ಕಡಿಮೆಯಾಗಿದೆ. ಅಂಕಿಯೂ ಮಸುಕಾಗಿದ್ದರೆ ಡೆವಲಪರ್ ಸಾಲಲಿಲ್ಲ. ಅಂಕಿಯೇ ಇಲ್ಲದೆ ಫಿಲ್ಮ್ ಗಾಜಿನಂತಿದ್ದರೆ ಡೆವಲಪರ್ ಸತ್ತಿದೆ, ಇಲ್ಲವೇ ಫಿಕ್ಸರ್ ಮೊದಲು ಬಿದ್ದಿದೆ. ರಂಧ್ರಗಳಿಂದ ಚಿತ್ರದೊಳಕ್ಕೆ ಗೆರೆ ಚಾಚಿದ್ದರೆ ಟ್ಯಾಂಕನ್ನು ವಿಪರೀತ ಕುಲುಕಲಾಗಿದೆ. ನಿಮಿಷಕ್ಕೊಮ್ಮೆ, 10 ಸೆಕೆಂಡಿನಲ್ಲಿ ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಗುಳ್ಳೆ ಬಿಡಿಸಲು ತಳವನ್ನು ಮೇಜಿಗೆ ಒಮ್ಮೆ ತಟ್ಟಿದರೆ ಸಾಕು.

ಹಂತ 4: ಕೋಣೆ

ಕಿಟಕಿ ಇಲ್ಲದ ಬಚ್ಚಲುಮನೆ ಒಳ್ಳೆಯ ಆಯ್ಕೆ. ಬಾಗಿಲು ಹಾಕಿ ದೀಪ ಆರಿಸಿ ಹತ್ತು ನಿಮಿಷ ಕೂತು, ಬಿಳಿ ಹಾಳೆಯೊಂದನ್ನು ಮುಖದ ಮುಂದೆ ಹಿಡಿಯಿರಿ. ಅದು ಕಂಡರೆ ಬೆಳಕು ಎಲ್ಲಿಂದಲೋ ನುಗ್ಗುತ್ತಿದೆ, ಹುಡುಕಿ ಮುಚ್ಚಿ. ಒಂದು ಪಕ್ಕ ಒಣ ಕೆಲಸ (ಎನ್‌ಲಾರ್ಜರ್, ಪೇಪರ್), ಇನ್ನೊಂದು ಪಕ್ಕ ಒದ್ದೆ ಕೆಲಸ. ಜಾಗ ಚಿಕ್ಕದಾದರೆ ನಡುವೆ ಒಂದು ಹಲಗೆ ನಿಲ್ಲಿಸಿ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವ ಕೆಲಸ ಇದು, ವಿದ್ಯುತ್ ಸೋರಿಕೆಯಾದರೆ ತಾನೇ ಕಡಿಯುವ ಸುರಕ್ಷಾ ಬ್ರೇಕರ್ ಇಲ್ಲದ ಪ್ಲಗ್ಗಿಗೆ ಎನ್‌ಲಾರ್ಜರ್ ಜೋಡಿಸಬೇಡಿ. ಗಾಳಿಯಾಡಲು ಫ್ಯಾನು ಇರಲಿ.

ಹಂತ 5: ಎನ್‌ಲಾರ್ಜರ್

ಸಿಗುವುದು ಹೆಚ್ಚಾಗಿ ಬಳಸಿದ್ದೇ. ಹೆಸರಿಗಿಂತ ಸ್ಥಿತಿ ನೋಡಿ. ಕಂಬ ಗಟ್ಟಿಯಿರಬೇಕು. ತಲೆಯನ್ನು ಪೂರ್ತಿ ಮೇಲೇರಿಸಿ ಬೆರಳಲ್ಲಿ ತಟ್ಟಿದರೆ, ಬಿಂಬ ಒಮ್ಮೆ ನಡುಗಿ ಕೂಡಲೇ ನಿಲ್ಲಬೇಕು. ತೂಗಾಡುತ್ತಲೇ ಇದ್ದರೆ ಬೇಡ. ಬೆಲ್ಲೋಸಿನಲ್ಲಿ (ಲೆನ್ಸಿನ ಮೇಲಿನ ಮಡಿಕೆ ಚೀಲ) ಬಿರುಕಿದೆಯೇ, ನಿಮ್ಮ ಫಿಲ್ಮ್ ಅಳತೆಯ ನೆಗೆಟಿವ್ ಕ್ಯಾರಿಯರ್ (ನೆಗೆಟಿವ್ ಹಿಡಿಯುವ ಚೌಕಟ್ಟು) ಜೊತೆಗಿದೆಯೇ, ಬಲ್ಬು ಈಗಲೂ ಸಿಗುವ ಜಾತಿಯೇ ವಿಚಾರಿಸಿ. ಕ್ಯಾರಿಯರ್ ಇಲ್ಲದೆ ಬಂದ ಎನ್‌ಲಾರ್ಜರಿಗೆ ಅದೊಂದನ್ನೇ ಹುಡುಕುತ್ತ ತಿಂಗಳುಗಳು ಕಳೆದಾವು. ಮನೆಯ ದೀಪದ ಎಲ್‌ಇಡಿ ಬಲ್ಬು ಹಾಕಿದರೆ ಮಲ್ಟಿಗ್ರೇಡ್ ಫಿಲ್ಟರುಗಳ (ಪ್ರಿಂಟಿನ ಕಾಂಟ್ರಾಸ್ಟ್ ಏರಿಳಿಸುವ ಬಣ್ಣದ ಫಿಲ್ಟರುಗಳು) ಲೆಕ್ಕ ಏರುಪೇರಾಗಬಹುದು.

ಕಂಡೆನ್ಸರ್ ತಲೆಯೋ (ಗಾಜಿನಿಂದ ಬೆಳಕನ್ನು ಒಟ್ಟುಗೂಡಿಸುವುದು) ಡಿಫ್ಯೂಷನ್ ತಲೆಯೋ (ಬೆಳಕನ್ನು ಚದುರಿಸುವುದು) ಎಂಬುದು ಮುಂದಿನ ಪ್ರಶ್ನೆ. ಕಂಡೆನ್ಸರ್ ಅದೇ ನೆಗೆಟಿವ್‌ನಿಂದ ಹೆಚ್ಚು ಕಾಂಟ್ರಾಸ್ಟ್ ಕೊಡುತ್ತದೆ, ಜೊತೆಗೆ ಧೂಳು, ಗೀರು ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಡಿಫ್ಯೂಷನ್ ಇವನ್ನು ಮರೆಸುತ್ತದೆ. ಕಲರ್ ಹೆಡ್ (ಒಳಗೇ ಬಣ್ಣದ ಫಿಲ್ಟರುಗಳಿರುವ ತಲೆ) ಇರುವ ಡಿಫ್ಯೂಷನ್ ಎನ್‌ಲಾರ್ಜರ್ ಸಿಕ್ಕರೆ ಬಿಡಬೇಡಿ: ಹಳದಿ ಏರಿಸಿದರೆ ಕಾಂಟ್ರಾಸ್ಟ್ ಇಳಿಯುತ್ತದೆ, ಮೆಜೆಂಟಾ ಏರಿಸಿದರೆ ಏರುತ್ತದೆ, ಬೇರೆ ಫಿಲ್ಟರ್ ಕೊಳ್ಳಬೇಕಿಲ್ಲ. ಅದಿಲ್ಲದಿದ್ದರೆ 00ರಿಂದ 5ರವರೆಗಿನ ಮಲ್ಟಿಗ್ರೇಡ್ ಫಿಲ್ಟರ್ ಸೆಟ್ ಬೇಕು. ಇಲ್ಫೋರ್ಡ್ ಸೆಟ್ಟಿನಲ್ಲಿ 00ರಿಂದ 3½ರವರೆಗೆ ಎಕ್ಸ್‌ಪೋಷರ್ ಒಂದೇ, 4ರಿಂದ ಮೇಲೆ ಎರಡರಷ್ಟು.

ಲೆನ್ಸ್ ನೋಡದೆ ಎನ್‌ಲಾರ್ಜರ್ ಕೊಳ್ಳಬೇಡಿ. 35 ಎಂಎಂಗೆ 50 ಎಂಎಂ ಲೆನ್ಸ್, 120 ಫಿಲ್ಮಿನ 6×6 ಸೆಂ.ಮೀ. ನೆಗೆಟಿವ್‌ಗೆ 75 ಅಥವಾ 80, 6×7ಕ್ಕೆ 90 ಅಥವಾ 105. ದೊಡ್ಡ ನೆಗೆಟಿವ್‌ಗೆ ಚಿಕ್ಕ ಲೆನ್ಸ್ ಹಾಕಿದರೆ ಮೂಲೆಗಳು ಮಸುಕಾಗುತ್ತವೆ. ಆರು ಗಾಜಿನ ಎಲ್-ನಿಕ್ಕರ್, ರೊಡಾಗಾನ್, ಕಾಂಪೊನಾನ್-ಎಸ್ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಜೀವಮಾನವಿಡೀ ಬದಲಿಸಬೇಕಾಗದು. ಹೆಚ್ಚಿನವು ಎಂ39 (39 ಮಿ.ಮೀ.) ತಿರುಪಿನವು. ಟಾರ್ಚನ್ನು ಹಿಂದಿನಿಂದ ಹಾಯಿಸಿ ಫಂಗಸ್ಸಿನ ಎಳೆ, ಮಂಜಿನ ಪೊರೆ ಇದೆಯೇ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಮಂಜು ಕಟ್ಟಿದ್ದರೆ ಪ್ರಿಂಟಿನ ಕಪ್ಪು ಬೂದುಬಣ್ಣವಾಗುತ್ತದೆ. ಎಫ್/2.8 ಲೆನ್ಸನ್ನು ಎಫ್/8ರ ಆಸುಪಾಸಿನಲ್ಲಿ ಬಳಸಿ, ಹರಿತ ಹೆಚ್ಚು.

ಮನೆಗೆ ತಂದ ಮೇಲೆ ಜೋಡಣೆ ಪರೀಕ್ಷಿಸಿ. ತಳಹಲಗೆ, ಕ್ಯಾರಿಯರ್, ಲೆನ್ಸ್ ಬೋರ್ಡು ಮೂರರ ಮೇಲೂ ರಸಮಟ್ಟ ಇಟ್ಟಾಗ ಗುಳ್ಳೆ ಒಂದೇ ಕಡೆ ನಿಲ್ಲಬೇಕು. ನಡುವೆ ಗ್ರೇನು ಚೂಪಾಗಿದ್ದು ಒಂದು ಮೂಲೆ ಮಾತ್ರ ಮಸುಕಾದರೆ ಲೆನ್ಸನ್ನು ಬಯ್ಯುವ ಮೊದಲು ಇದನ್ನು ನೋಡಿ. ಫೋಕಸ್ ಹಿಡಿಯಲು ಗ್ರೇನ್ ಫೋಕಸರ್ (ಬಿಂಬದ ಗ್ರೇನನ್ನು ದೊಡ್ಡದಾಗಿ ತೋರಿಸುವ ಮಸೂರ) ಬೇಕೇ ಬೇಕು, ಬರಿಗಣ್ಣು ಸಾಲದು.

ಹಂತ 6: ಸೇಫ್‌ಲೈಟ್ ಮತ್ತು ಪೇಪರ್

ಮಲ್ಟಿಗ್ರೇಡ್ ಪೇಪರಿಗೆ ತಿಳಿಗಂದು ಬಣ್ಣದ ಇಲ್ಫೋರ್ಡ್ 902 ಅಥವಾ ಕೊಡಕ್ ಒಸಿ ಫಿಲ್ಟರ್, 15 ವ್ಯಾಟ್ ಬಲ್ಬು, ಪೇಪರಿನಿಂದ ಕನಿಷ್ಠ 1.2 ಮೀಟರ್ ದೂರ. ಕೆಂಪು ದೀಪವೂ ಆಗುತ್ತದೆ. ಆದರೆ ಬಿಳಿ ಬಲ್ಬಿಗೆ ಕೆಂಪು ಹಾಳೆ ಸುತ್ತಿದ್ದು ಸೇಫ್‌ಲೈಟ್ ಅಲ್ಲ. ಸಾಮಾನ್ಯ ಫಿಲ್ಮುಗಳು ಕೆಂಪು ಬೆಳಕನ್ನೂ ಕಾಣುತ್ತವೆ, ಫಿಲ್ಮ್ ಸುತ್ತುವಾಗ ಯಾವ ದೀಪವೂ ಕೂಡದು.

ಪರೀಕ್ಷೆ ಹೀಗೆ. ಪೂರ್ಣ ಕತ್ತಲಲ್ಲಿ, ನೆಗೆಟಿವ್ ಇಲ್ಲದೆ, ಎನ್‌ಲಾರ್ಜರ್ ಬೆಳಕನ್ನು ಪೇಪರಿಗೆ ತುಸು ಕೊಡಿ, ತೊಳೆದಾಗ ತಿಳಿಬೂದು ಬರುವಷ್ಟು. ಸೇಫ್‌ಲೈಟ್ ಹಚ್ಚಿ ಪೇಪರಿನ ಮೇಲೆ ಒಂದು ನಾಣ್ಯ ಇಡಿ, ಎರಡೆರಡು ನಿಮಿಷಕ್ಕೆ ಇನ್ನೊಂದೊಂದು ಸೇರಿಸುತ್ತ ಹತ್ತು ನಿಮಿಷಕ್ಕೆ ದೀಪ ಆರಿಸಿ. ಕತ್ತಲಲ್ಲೇ ತೊಳೆಯಿರಿ. ಯಾವ ನಾಣ್ಯದ ಗುರುತೂ ಕಾಣದಿದ್ದರೆ ದೀಪ ನಂಬಬಹುದು. ಮೊದಲ ನಾಣ್ಯದ ವೃತ್ತವಷ್ಟೇ ಮಸುಕಾಗಿ ಕಂಡರೆ ಎಂಟು ನಿಮಿಷ ನಿಮಗೆ ಸಿಗುತ್ತದೆ. ಬೆಳಕು ಕಾಣದ ಪೇಪರಿನಲ್ಲಿ ಮಾಡುವ ಪರೀಕ್ಷೆ ಮೋಸ ಮಾಡುತ್ತದೆ. ಪೇಪರ್ ಒಂದು ಮಿತಿ ದಾಟುವವರೆಗೂ ಕಪ್ಪಾಗುವುದೇ ಇಲ್ಲ, ಆದರೆ ಚಿತ್ರ ಬಿದ್ದ ಮೇಲೆ ಅಷ್ಟೇ ಬೆಳಕು ಬಿಳಿ ಭಾಗಗಳನ್ನು ಮಾಸಲು ಮಾಡಿಬಿಡುತ್ತದೆ.

ಮೊದಲ ಪೇಪರ್ 8×10 ಇಂಚಿನ ಮಲ್ಟಿಗ್ರೇಡ್ ಆರ್‌ಸಿ ಇರಲಿ. ಪ್ಲಾಸ್ಟಿಕ್ ಲೇಪನದ ಈ ಪೇಪರ್ ಒಂದು ನಿಮಿಷದಲ್ಲಿ ಡೆವಲಪ್ ಆಗಿ, ಎರಡು ನಿಮಿಷದಲ್ಲಿ ತೊಳೆದು, ಸಪಾಟಾಗಿ ಒಣಗುತ್ತದೆ. ಫೈಬರ್ ಪೇಪರ್ ಚೆಲುವು ನಿಜ, ಆದರೆ ಡೆವಲಪರಿನಲ್ಲಿ ಎರಡು ನಿಮಿಷ, ಹೈಪೋ ಕ್ಲಿಯರ್ (ಫಿಕ್ಸರನ್ನು ಬೇಗ ಬಿಡಿಸುವ ದ್ರಾವಣ) ಇಲ್ಲದಿದ್ದರೆ ಗಂಟೆಯಷ್ಟು ಹರಿಯುವ ನೀರು, ಒಣಗುವಾಗ ಸುರುಳಿ. ಕೈ ಕುದುರಿದ ಮೇಲೆ ತನ್ನಿ. ಅಗ್ಗಕ್ಕೆ ಸಿಗುವ ಹಳೆಯ ಪೇಪರನ್ನು ನಂಬುವ ಮೊದಲು ಕತ್ತಲಲ್ಲಿ ಎರಡು ತುಂಡು ಮಾಡಿ. ಒಂದನ್ನು ನೇರ ಫಿಕ್ಸರಿಗೆ ಹಾಕಿ, ಇನ್ನೊಂದನ್ನು ಡೆವಲಪ್ ಮಾಡಿ ಫಿಕ್ಸ್ ಮಾಡಿ. ಎರಡನೆಯದು ಬೂದುಬಣ್ಣವಾದರೆ ಪೇಪರ್ ಕೆಟ್ಟಿದೆ.

ಹಂತ 7: ಟ್ರೇ, ಇಕ್ಕಳ, ಪ್ರಿಂಟಿನ ರಾಸಾಯನಿಕ

8×10 ಪೇಪರಿಗೆ 10×12ರ ನಾಲ್ಕು ಟ್ರೇ, ಪ್ರತಿಯೊಂದರಲ್ಲೂ ಒಂದು ಲೀಟರಾದರೂ ದ್ರಾವಣ. ಪೇಪರ್ ಡೆವಲಪರ್ ಬೇರೆಯೇ ಇದೆ, ಫಿಲ್ಮಿನದನ್ನು ಇಲ್ಲಿ ಬಳಸಬೇಡಿ. ಇಲ್ಫೋರ್ಡ್ ಮಲ್ಟಿಗ್ರೇಡ್ ಡೆವಲಪರ್ 1+9, ಆರ್‌ಸಿಗೆ 60 ಸೆಕೆಂಡ್. ಆಮೇಲೆ ಸ್ಟಾಪ್ 10 ಸೆಕೆಂಡ್, ರ‍್ಯಾಪಿಡ್ ಫಿಕ್ಸರ್ 1+4ರಲ್ಲಿ 30 ಸೆಕೆಂಡ್. ಪ್ರಿಂಟ್ ಬೇಗ ಕಪ್ಪಾಗುತ್ತಿದೆ ಎಂದು 30 ಸೆಕೆಂಡಿಗೇ ಎತ್ತಿದರೆ ಕಪ್ಪು ಕೆಸರಿನಂತಾಗುತ್ತದೆ. ಪೂರ್ತಿ ನಿಮಿಷ ಬಿಡಿ, ಎಕ್ಸ್‌ಪೋಷರ್ ಕಡಿಮೆ ಮಾಡಿ. ಎಕ್ಸ್‌ಪೋಷರ್ 10ರಿಂದ 25 ಸೆಕೆಂಡಿನೊಳಗೆ ಬರುವಂತೆ ಅಪರ್ಚರ್ ಹೊಂದಿಸಿಕೊಂಡರೆ ಒಂದು ಮೂಲೆಯನ್ನು ತಿಳಿಯಾಗಿಸಲು ಬೆಳಕಿಗೆ ಕೈ ಅಡ್ಡ ಹಿಡಿಯಲು ಸಮಯವಿರುತ್ತದೆ.

ಡೆವಲಪರಿಗೊಂದು ಇಕ್ಕಳ, ಫಿಕ್ಸರಿಗೊಂದು, ಬಣ್ಣ ಬೇರೆಯಿರಲಿ. ಫಿಕ್ಸರ್ ಅಂಟಿದ ಇಕ್ಕಳ ಡೆವಲಪರಿಗೆ ಬಿದ್ದರೆ ಆ ಟ್ರೇ ಕೆಡುತ್ತದೆ, ಫಿಕ್ಸರ್ ಅಂಟಿದ ಬೆರಳು ಒಣ ಪೇಪರಿಗೆ ತಗುಲಿದರೆ ಬಿಳಿ ಬೆರಳಚ್ಚು ಉಳಿಯುತ್ತದೆ.

ಕಾಂಟ್ಯಾಕ್ಟ್ ಶೀಟಿಗೆ (ನೆಗೆಟಿವ್‌ಗಳನ್ನು ಪೇಪರಿನ ಮೇಲೇ ಒತ್ತಿಟ್ಟು ಇಡೀ ರೋಲನ್ನು ಒಂದೇ ಹಾಳೆಗೆ ಇಳಿಸುವ ಪ್ರಿಂಟ್) 6 ಮಿ.ಮೀ. ದಪ್ಪದ, ಅಂಚು ಉಜ್ಜಿದ ಗಾಜು ಸಾಕು. ಆರು ಫ್ರೇಮಿನ ಆರು ಪಟ್ಟಿ ಪಕ್ಕಪಕ್ಕ ಇಟ್ಟರೆ 210 ಮಿ.ಮೀ. ಆಗುತ್ತದೆ, ಪೇಪರಿನ ಅಗಲ 203. ನಡುವೆ ಹೊಂದಿಸಿ ಇಟ್ಟರೆ ಎರಡು ಅಂಚಿನ ರಂಧ್ರಗಳಷ್ಟೇ ಹೊರಗುಳಿಯುತ್ತವೆ, ಚಿತ್ರ ತುಂಡಾಗುವುದಿಲ್ಲ.

ಪೇಪರಿಗೆ ಬಳಸಿದ ಫಿಕ್ಸರನ್ನು ಫಿಲ್ಮಿಗೆ ಬಳಸಬೇಡಿ, ಬಾಟಲಿಗಳನ್ನು ಬೇರೆಯಾಗಿಡಿ. ಮುಗಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ, ಅದನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೋ ರಾಸಾಯನಿಕ ತ್ಯಾಜ್ಯ ಸಂಗ್ರಹಿಸುವವರಿಗೋ ಕೊಡಿ. ಯಾವ ರಾಸಾಯನಿಕವನ್ನೂ ಕುಡಿಯುವ ನೀರಿನ ಅಥವಾ ಪಾನೀಯದ ಬಾಟಲಿಯಲ್ಲಿ ತುಂಬಬೇಡಿ. ಪ್ರತಿ ಬಾಟಲಿಯ ಮೇಲೂ ಒಳಗೇನಿದೆ, ಎಷ್ಟು ತೆಳು, ಯಾವತ್ತು ಬೆರೆಸಿದ್ದು ಎಂದು ಅಳಿಸದ ಶಾಯಿಯಲ್ಲಿ ಬರೆದು, ಮಕ್ಕಳ ಕೈಗೆಟುಕದ ಕಪಾಟಿನಲ್ಲಿ ಬೀಗ ಹಾಕಿಡಿ.